ಎರಡು ಪೆಟ್ಟಿನ ಜಾಗ

"ಹೆಣ್ಣು ಹೆಚ್ಚು, ಹೆಣ್ಣು ಹೆಚ್ಚು ಅಂತ ಇಷ್ಟೊತ್ತು ಹಾಡಿದ್ರಿ. ಛಲೋ ಆತು. ಹಂಗಾರ ಈ ಪದಾ ಕಟ್ಟಿದ ಹೆಣ್ಣಿನ ಹೆಸರು ಒಂದೀಟು ಹೇಳ್ರಿ, ನಾವೂ ಕೇಳೂನು."

ಎದುರು ಮೇಳದ ಹುಡುಗ ಇಷ್ಟು ಹೇಳಿ ಡೊಳ್ಳಿಗೆ ಒಂದು ಗುದ್ದು ಕೊಟ್ಟ. ಸಭೆ ಹೋ ಎಂದು ಕೇಕೆ ಹಾಕಿತು.

ರೇಷ್ಮಾಳ ಕೈಯಲ್ಲಿದ್ದ ತಾಳ ಅಲ್ಲೇ ನಿಂತಿತು.

ಸವಾಲಿಗೆ ಜವಾಬು ಕೊಡುವುದರಲ್ಲಿ ಅವಳು ಎಂದೂ ತಡವರಿಸಿದವಳಲ್ಲ. ಗೊತ್ತಿಲ್ಲದ್ದನ್ನು ಕೇಳಿದರೂ ಏನೋ ಒಂದು ಕಟ್ಟಿ, ಕೇಳಿದವನ ತಲೆಗೇ ತಿರುಗಿಸಿ ಬಿಡುತ್ತಿದ್ದಳು. ಈಗ ಮಾತ್ರ ತಡವರಿಸಿದಳು. ಯಾಕೆಂದರೆ ಈ ಸವಾಲಿನ ಉತ್ತರ ಅವಳಿಗೆ ಗೊತ್ತಿತ್ತು...

ಅದು ಜಮಖಂಡಿಯಲ್ಲಿ ನಡೆದ ಮಹಿಳಾ ದಿನಾಚರಣೆ. ಮಧ್ಯಾಹ್ನದ ಊಟ ಆದಮೇಲೆ ಜನ ಎದ್ದು ಹೋಗಬಾರದೆಂದು ಡೊಳ್ಳಿನ ಪದದ ಜಿದ್ದು ಇಟ್ಟಿದ್ದರು. ಗಂಡು ಹೆಚ್ಚು ಎಂದು ವಾದ ಹೂಡಿ ಹಾಡುವವರು ಹರದೇಶಿ, ಹೆಣ್ಣು ಹೆಚ್ಚು ಎಂದು ಹಾಡುವವರು ನಾಗೇಶಿ. ಹಾಡಿನಲ್ಲಿ ಒಬ್ಬರನ್ನೊಬ್ಬರು ಹರಿದು ಹಾಕುತ್ತಾರೆ, ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಅಂದು ನಾಗೇಶಿ ಸಾವಳಗಿಯ ಮೇಳದ್ದು, ಹರದೇಶಿ ಗಲಗಲಿಯ ಮೇಳದ್ದು.

ಸಾವಳಗಿ ಮೇಳದ ಯಜಮಾನ ರೇಷ್ಮಾಳ ಕಾಕಾ, ಸಿದರಾಯ ಮಾಸ್ತರ. ಊರ ಹುಡುಗರಿಗೆ ಡೊಳ್ಳು ಕಲಿಸಿ ಮಾಸ್ತರ ಎನಿಸಿಕೊಂಡವನು. ಪ್ರತಿ ಪದದ ಕಡೆಯ ನುಡಿಯಲ್ಲಿ ಕಟ್ಟಿದವರ ಹೆಸರು ಬರುವುದು ರೂಢಿ. ಅವರ ಮೇಳದ ಎಲ್ಲ ಪದಗಳ ಕಡೆಗೂ ಬರುತ್ತಿದ್ದುದು ಒಂದೇ ಸಾಲು: "ಸಾವಳಗಿ ಊರ ಸಿದರಾಯ ಮಾಸ್ತರ ಮಾಡಿದ ಪದವಿದು ಕೇಳರಿ."

ಕೇಳುವವರು ಕೇಳಿದರು. ಅಂದು ಬೆಳಿಗ್ಗೆಯಷ್ಟೇ ಹೆಣ್ಣಿನ ಹಿರಿಮೆ ಸಾರುವ ಪದಗಳನ್ನು ಕಟ್ಟಿದ್ದಕ್ಕಾಗಿ ಅದೇ ವೇದಿಕೆಯಲ್ಲಿ ಸಿದರಾಯ ಮಾಸ್ತರನಿಗೆ ಶಾಲು ಹೊದಿಸಿದ್ದರು. ರೇಷ್ಮಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದಳು. ಆ ಪದಗಳನ್ನೆಲ್ಲ ನಿಜವಾಗಿ ಕಟ್ಟಿದವಳು, ಅವಳ ತಾಯಿ ಸಾತವ್ವ, ಆಗ ಸಾವಳಗಿಯ ಹಟ್ಟಿಯಲ್ಲಿ ಕುರಿ ನೋಡಿಕೊಳ್ಳುತ್ತ ಉಣ್ಣೆ ನೂಲುತ್ತಿದ್ದಳು. ಅವತ್ತು ಮಹಿಳಾ ದಿನ ಎಂಬುದು ಕುರಿಗಳಿಗೆ ಗೊತ್ತಿರಲಿಲ್ಲ.

ಸಭೆ ಕಾಯುತ್ತಿತ್ತು. ರೇಷ್ಮಾ ಮೈಕಿನ ಹತ್ತಿರ ಬಂದಳು.

"ನಮ್ಮ ಪದಾ ಕಟ್ಟಿದಾಂವ ಗಂಡಸ, ನಮ್ಮ ಕಾಕಾ. ಹೆಣ್ಣು ಹೆಚ್ಚು ಅಂತ ಒಪ್ಪಿಕೊಂಡ ಗಂಡಸು ಅಂವ. ಅಂಥಾ ಬುದ್ಧಿ ನಿಮ್ಮ ಮೇಳಕ್ಕ ಯಾವಾಗ ಬರತೈತಿ ಹೇಳ್ರಿ."

ಸಭೆ ಈ ಸಲ ಇನ್ನೂ ಜೋರಾಗಿ ಕೂಗಿತು. ಮುಂದಿನ ಸಾಲಿನ ಹೆಂಗಸರು ಎದ್ದು ನಿಂತು ಚಪ್ಪಾಳೆ ಹೊಡೆದರು. ರೇಷ್ಮಾ ಗೆದ್ದಳು, ಸುಳ್ಳು ಹೇಳಿ ಗೆದ್ದಳು. ಇಷ್ಟು ನಾಚಿಕೆ ತಂದ ಗೆಲುವು ಅವಳ ಪಾಲಿಗೆ ಅದೇ ಮೊದಲು.

ಈ ಎರಡು ಮೇಳಗಳ ನಡುವೆ ಮೊದಲಿನಿಂದ ಒಂದು ಕಟ್ಟಳೆ ಇತ್ತು. ಪದದ ಕಡೆಯ ನುಡಿ ಬಂದಾಗ ಹಾಡುವವರು ತಮ್ಮ ಡೊಳ್ಳು ನಿಲ್ಲಿಸಬೇಕು, ಹೆಸರು ಸ್ವಚ್ಛ ಕೇಳಬೇಕು. ಆಗ ಎದುರು ಮೇಳದವರು ಒಂದು ಸಲ ಆ ಹೆಸರು ಹೇಳಿ ಡೊಳ್ಳು ಬಾರಿಸಬೇಕು. ಅದಕ್ಕೆ 'ಹೆಸರು ಎತ್ತುವುದು' ಎನ್ನುತ್ತಾರೆ. ಎದುರಿನವರು ಹೆಸರು ಎತ್ತದಿದ್ದರೆ ಆ ಪದಕ್ಕೆ ದಿಕ್ಕಿಲ್ಲ. ಮತ್ತೆ ಅದನ್ನು ಯಾವ ಹಾಡಿಕೆಯಲ್ಲೂ ಹಾಡುವಂತಿಲ್ಲ.

ಅಂದಿನ ಕಡೆಯ ನುಡಿ ಬಂದಾಗ ಗಲಗಲಿಯ ಹುಡುಗ ಕಟ್ಟಳೆ ತಪ್ಪಲಿಲ್ಲ. ಸಿದರಾಯ ಮಾಸ್ತರ ಎಂದು ಹೆಸರು ಎತ್ತಿದ. ಆದರೆ ಬಾರಿಸುವಾಗ ಅವನ ಕಣ್ಣು ರೇಷ್ಮಾಳ ತಾಳದ ಮೇಲಿತ್ತು.

ಹಾಡಿಕೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅವನು ಹತ್ತಿರ ಬಂದ. ಹೆಸರು ಸಂಜು ಎಂದ, ಹರದೇಶಿ ಮೇಳದ ಯಜಮಾನ ರೇವಪ್ಪನ ಮಗನೆಂದ.

"ಜವಾಬು ಭಾಳ ಛಲೋ ಇತ್ರಿ. ಆದ್ರ ತಾಳ ಯಾಕ ನಿಂತಿತು?"

"ಕೈ ಬೆವತಿತ್ತು," ಎಂದಳು ರೇಷ್ಮಾ.

'ಬೆವತದ್ದು ಕೈ ಅಲ್ಲ... ಇವನಿಗೆ ಗೊತ್ತಾಗಿದೆ. ಯಾರೋ ಹೇಳಿರಬೇಕು. ಬೇಕಂತಲೇ ಕೇಳಿದ್ದಾನೆ!' ಊರಿಗೆ ಮರಳುವ ಟೆಂಪೋದಲ್ಲಿ ಅವಳ ತಲೆಯೊಳಗೆ ಇದೇ ಸುತ್ತುತ್ತಿತ್ತು. ಆ ಹುಡುಗನ ಮುಖ ನೆನಪಾದರೆ ಸಿಟ್ಟು ಬರುತ್ತಿತ್ತು. ಸಿಟ್ಟು ಬರಲೆಂದೇ ಅವಳು ಮತ್ತೆ ಮತ್ತೆ ನೆನಪಿಸಿಕೊಂಡಳು.

*

ರೇಷ್ಮಾ ಸಾವಳಗಿ ಸುತ್ತಿನಲ್ಲಿ ಪಶು ಸಖಿಯಾಗಿದ್ದಳು. ಸ್ಕೂಟಿಯಲ್ಲಿ ಹಟ್ಟಿ ಹಟ್ಟಿಗೆ ಹೋಗಿ ಕುರಿ, ಮೇಕೆಗಳಿಗೆ ಲಸಿಕೆಯ ದಿನ ತಿಳಿಸಿ ಬರುವುದು, ಔಷಧ ಹಾಕುವುದು ಅವಳ ಕೆಲಸ. ಹೆಣ್ಣುಮಗಳು ಸ್ಕೂಟಿಯಲ್ಲಿ ಬಂದು ಟಗರು ಹಿಡಿಯುತ್ತಾಳೆ ಎಂದು ಮೊದಮೊದಲು ನಕ್ಕವರೇ ಈಗ ಅವಳ ಫೋನು ಹತ್ತದಿದ್ದರೆ ಮನೆಗೆ ಬಂದು ಕೂರುತ್ತಿದ್ದರು.

ಬೇಸಿಗೆಯ ಒಂದು ದಿನ ಜೋರು ಗಾಳಿ ಬೀಸಿ ಅವರ ಮನೆಯ ವೈರು ಹರಿದು ಬಿತ್ತು. ಮರುದಿನ ಮಧ್ಯಾಹ್ನ ರೇಷ್ಮಾ ಕೆಲಸ ಮುಗಿಸಿ ಮನೆಗೆ ಬಂದಾಗ ಬಾಗಿಲ ಮುಂದಿನ ಕಂಬದ ಮೇಲೆ ಒಬ್ಬ ಲೈನ್‌ಮನ್ ಕೂತಿದ್ದ. ಕೈಯಲ್ಲಿ ಇಕ್ಕಳವಿತ್ತು, ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ಅವನು ಕೆಳಗೆ ನೋಡುತ್ತಿದ್ದ.

ಕೆಳಗೆ ಬೇವಿನ ನೆರಳಲ್ಲಿ ಸಾತವ್ವ ಉಣ್ಣೆ ನೂಲುತ್ತಿದ್ದಳು. ಮೇಲೊಬ್ಬ ಮನುಷ್ಯ ಇದ್ದಾನೆಂಬುದನ್ನೇ ಅವಳು ಮರೆತಂತಿತ್ತು. ಪದ ಕಟ್ಟುವಾಗ ಅವಳಿಗೆ ಯಾವುದೂ ನೆನಪಿರುತ್ತಿರಲಿಲ್ಲ.

"ಕುರಿಯ ಕಾಯ್ದಾಕಿ ಯಾರೊ, ಉಣ್ಣೀಯ ನೂತಾಕಿ ಯಾರೊ, ಕಂಬಳಿ ನೇದಾವ್ನ ಹೆಸರಷ್ಟ ಊರಾಗ..."

ಅಷ್ಟಕ್ಕೆ ನಿಲ್ಲಿಸಿ ತಲೆ ಅಲ್ಲಾಡಿಸಿದಳು. "ಬ್ಯಾಡ. ನೇದಾಂವಾ ದುಡದಾನ, ಅವಗ್ಯಾಕ ಬೈಯೂದು," ಎಂದು ತನಗೇ ಹೇಳಿಕೊಂಡಳು. ಎಳೆ ಇನ್ನಷ್ಟು ಉದ್ದವಾಯಿತು. ಆಮೇಲೆ ಮತ್ತೆ ಎತ್ತಿದಳು: "ಕಂಬಳಿ ಹೊತ್ತಾವ್ನ ಹೆಸರಷ್ಟ ಊರಾಗ..." ಈ ಸಲ ಒಪ್ಪಿಗೆಯಾಗಿ ಮೂಗಿನಲ್ಲೇ ಹೂಂ ಎಂದಳು.

ಕಂಬದ ಮೇಲಿದ್ದವನೂ ಹೂಂ ಎಂದ.

ಅವನು ಸಂಜು! ಹಿಪ್ಪರಗಿ ಕಡೆಯಿಂದ ವರ್ಗವಾಗಿ ಸಾವಳಗಿಗೆ ಬಂದು ಇನ್ನೂ ವಾರವಾಗಿರಲಿಲ್ಲ.

"ಕಂಬಾ ಹತ್ತಿ ಮಂದಿ ಮನ್ಯಾನ ಮಾತು ಕದ್ದು ಕೇಳೂದೂ ನಿಮ್ಮ ಡ್ಯೂಟಿಯೇನ್ರಿ?" ರೇಷ್ಮಾ ಸ್ಕೂಟಿಯಿಂದ ಇಳಿಯದೆಯೇ ಕೇಳಿದಳು.

ಸಾತವ್ವ ಬೆಚ್ಚಿ ಸೆರಗು ಎಳೆದುಕೊಂಡು ಒಳಗೆ ಹೋದಳು. ಸಂಜು ವೈರು ಬಿಗಿದು ಕೆಳಗಿಳಿದ. ಇಳಿದವನು ತಲೆ ತಗ್ಗಿಸಿ ನಿಂತ.

"ಆ ಸವಾಲು ನಮ್ಮಪ್ಪ ಕಲಿಸಿದ್ರಿ. ಎಲ್ಲಾ ನಾಗೇಶಿಯವರಿಗೂ ಅದನ್ನ ಕೇಳ್ತೇವಿ, ಎಲ್ಲಾರೂ ನಕ್ಕೊಂತ ಜವಾಬು ಕೊಡ್ತಾರ. ಅದಕ್ಕ ಖರೆ ಉತ್ತರ ಇರತೈತಿ ಅಂತ ನನಗ ಗೊತ್ತಿರಲಿಲ್ರಿ."

"ಈಗ ಗೊತ್ತಾತಲ್ಲ. ಮುಂದಿನ ಹಾಡಿಕಿ ಮುಧೋಳದಾಗ ಐತಿ, ಅಲ್ಲಿ ಕೇಳ್ರಿ. ಇನ್ನೂ ಛಲೋ ಚಪ್ಪಾಳಿ ಬೀಳ್ತಾವು."

ಅವನು ಏನೋ ಹೇಳಲು ಹೋದ. ಅವಳು ಸ್ಕೂಟಿಯ ಹಾರ್ನ್ ಒತ್ತಿದಳು. ಪಾಪ, ಹಾದಿ ಬಿಟ್ಟು ಸರಿದ.

ಮುಧೋಳದ ಹಾಡಿಕೆಗೆ ಇನ್ನು ಕೆಲವೇ ದಿನಗಳಿದ್ದವು. ಅಷ್ಟೂ ದಿನ ರೇಷ್ಮಾಳಿಗೆ ಒಂದೇ ಚಿಂತೆ. ಸಭೆಯಲ್ಲಿ ಸತ್ಯ ಹೊರಬಿದ್ದರೆ ಕಾಕಾನ ಮಾನ ಹೋಗುತ್ತದೆ, ಮೇಳ ಒಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ತಾಯಿಯ ಹೆಸರು ಮೊದಲ ಸಲ ಮೈಕಿನಲ್ಲಿ ಕೇಳುವುದು ಎದುರಾಳಿಯ ಬಾಯಿಂದ, ಅದೂ ಹೀಯಾಳಿಕೆಯಾಗಿ!

ಮುಧೋಳದಲ್ಲಿ ಹರದೇಶಿಯ ಸರದಿ ಬಂತು. ಸಂಜು ಮೈಕಿನ ಮುಂದೆ ನಿಂತ. ರೇಷ್ಮಾ ತಾಳವನ್ನು ಗಟ್ಟಿಯಾಗಿ ಹಿಡಿದಳು.

ಅವನು ಕೇಳಿದ್ದು ಭೂಮಿ ಮೊದಲೋ ಬೀಜ ಮೊದಲೋ ಎಂಬ ಸವಾಲು. ಅಜ್ಜಂದಿರ ಕಾಲದಿಂದ ಕೇಳಿ ಕೇಳಿ ಸವೆದ ಸವಾಲು, ತೊಟ್ಟಿಲ ಕೂಸೂ ಜವಾಬು ಕೊಟ್ಟೀತು. ಅವನ ಮೇಳದವರೇ ಮುಖ ಮುಖ ನೋಡಿಕೊಂಡರು. ರೇವಪ್ಪ ಎಲ್ಲರೆದುರೇ ಮಗನಿಗೆ ದಡ್ಡ ಎಂದು ಬೈದ. ಸಂಜು ಬೈಸಿಕೊಂಡು ಸುಮ್ಮನೆ ನಿಂತ. ಸೋತ.

ರೇಷ್ಮಾಳಿಗೆ ಅವತ್ತು ಅವನ ಮೇಲೆ ಪ್ರೀತಿ ಹುಟ್ಟಿತು. ಹೇಗೆ, ಯಾಕೆ ಎಂದು ಸುತ್ತಿ ಬಳಸಿ ಹೇಳುವುದಕ್ಕೇನಿಲ್ಲ. ಗೆಲ್ಲುವ ದಾರಿ ಕೈಯಲ್ಲಿದ್ದೂ ಸೋತ ಗಂಡಸನ್ನು ಅವಳು ಅದುವರೆಗೆ ನೋಡಿರಲಿಲ್ಲ.

*

ಆಮೇಲಿನದು ಎಲ್ಲರಿಗೂ ಗೊತ್ತಿರುವ ದಾರಿ. ಅವರ ಮನೆಯ ವೈರು ಗಾಳಿ ಇಲ್ಲದಿದ್ದರೂ ಸಡಿಲವಾಗತೊಡಗಿತು. ಗಲಗಲಿಯಲ್ಲಿದ್ದ ಸಂಜುವಿನ ಮನೆಯ ಕುರಿಗಳಿಗೆ ಏನೇನೋ ರೋಗಗಳು ಬರುತ್ತಿದ್ದವು, ಅವುಗಳ ವಿವರ ಫೋನಿನಲ್ಲಿ ತಾಸುಗಟ್ಟಲೆ ನಡೆಯುತ್ತಿತ್ತು. ಸಾತವ್ವ ಎಲ್ಲ ನೋಡುತ್ತಿದ್ದಳು, ಏನೂ ಕೇಳಲಿಲ್ಲ. ಒಂದು ದಿನ ಮಾತ್ರ, ಆ ಹುಡುಗ ಕಂಬ ಹತ್ತುವುದಕ್ಕಿಂತ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದು ಚೆಂದ ಎಂದಳು.

ಜಮಖಂಡಿ ಬಸ್‌ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಸಂಜು ಮದುವೆಯ ಮಾತು ಎತ್ತಿದ. ಸೋತ ಮೇಲೆ ಗಂಡಸು ಇನ್ನೇನು ಮಾಡಬೇಕು ಎಂದು ಅವಳನ್ನೇ ಕೇಳಿದ. ರೇಷ್ಮಾ ನಕ್ಕು, ಮನೆಗೆ ಬಂದು ಕೇಳಲು ಹೇಳಿದಳು. ಒಂದೇ ಕುಲ, ಇಬ್ಬರ ಮನೆ ದೇವರೂ ಬೀರೇಶ್ವರ. ಅಡ್ಡಿ ಎಲ್ಲಿಂದ ಬಂದೀತು?

ಬಂದದ್ದು ಒಳ್ಳೆಯ ಮಾತಿನ ರೂಪದಲ್ಲಿ.

ರೇವಪ್ಪ, ಅವನ ಹೆಂಡತಿ ಮಾದೇವಿ, ಸಂಜು ಕನ್ಯೆ ನೋಡಲು ಸಾವಳಗಿಗೆ ಬಂದರು. ಚುರುಮುರಿ ಆಯಿತು, ಚಹಾ ಬಂತು. ರೇವಪ್ಪ ದೊಡ್ಡ ಮನಸ್ಸಿನ ಮನುಷ್ಯ. ತಮಗೇನೂ ಕೊಡುವುದು ಬೇಡ, ಹುಡುಗಿ ಕೆಲಸ ಬಿಡುವುದೂ ಬೇಡ ಎಂದ. ಸಿದರಾಯ ಮಾಸ್ತರನ ಮುಖ ಅರಳಿತು.

"ಒಂದ ಮಾತು," ಎಂದ ರೇವಪ್ಪ ನಗುತ್ತಲೇ. "ನಮ್ಮ ಮನಿ ಸೊಸಿ ನಮ್ಮ ಎದುರಿಗೇ ನಿಂತು ನಾಗೇಶಿ ಹಾಡಿದ್ರ ಮಂದಿ ನಗ್ತಾರ. ಪದಾ ಬಿಡು ಅನ್ನಂಗಿಲ್ಲ ನಾ. ಜವಾಬು ಕಟ್ಟಾಕ ಬರತೈತಿ ಅಕಿಗಿ, ಪದಾನೂ ಮನ್ಯಾಗ ಕುಂತು ಕಟ್ಟಲಿ, ನಮ್ಮ ಸಂಜು ಹಾಡ್ತಾನ. ಕಡೀ ನುಡಿಗಿ ನಮ್ಮ ಮನಿತನದ ಹೆಸರು ಬರತೈತಿ. ಗಂಡ ಹೆಂಡ್ತಿ ಅಂದಮ್ಯಾಲ ಹೆಸರಿನ್ಯಾಗ ಏನೈತಿ?"

ಸಿದರಾಯ ಮಾಸ್ತರ ಎಲ್ಲರಿಗಿಂತ ಮೊದಲು ತಲೆಯಾಡಿಸಿದ.

ರೇಷ್ಮಾ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಸಾತವ್ವ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು. ಮಾದೇವಿಯ ಕಡೆ ನೋಡಿದಳು, ಅವಳು ಬಳೆ ತಿರುವುತ್ತಿದ್ದಳು. ಕಡೆಗೆ ಸಂಜುವನ್ನು ನೋಡಿದಳು.

'ಹೇಳು. ಒಂದು ಮಾತು ಹೇಳು ಸಾಕು...'

ಸಂಜು ಚಹಾದ ಕಪ್ಪಿನೊಳಗೆ ನೋಡುತ್ತಿದ್ದ. ಕಪ್ಪಿನಲ್ಲಿ ಚಹಾ ಕೂಡ ಉಳಿದಿರಲಿಲ್ಲ.

ರೇಷ್ಮಾ ಮೆಲ್ಲಗೆ ತಾಟು ಎತ್ತಿಕೊಂಡಳು. "ಹೆಸರಿನ್ಯಾಗ ಏನೂ ಇಲ್ಲಂದ್ರ, ನನ್ನ ಹೆಸರ ಇರಲಿ ಬಿಡ್ರಿ ಮಾವಾರ," ಎಂದಳು. ಅವಳು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಸಂಬಂಧ ಅಲ್ಲಿಗೆ ಮುರಿಯಿತು.

ಸಂಜು ಮೂರ್ನಾಲ್ಕು ದಿನ ಫೋನು ಮಾಡಿದ. ಕಡೆಗೊಮ್ಮೆ ಅವಳು ಎತ್ತಿದಾಗ, ಹಿರಿಯರ ಎದುರು ಯಾಕೆ ವಾದ, ಮದುವೆಯಾದ ಮೇಲೆ ಅಪ್ಪನನ್ನು ಒಪ್ಪಿಸಿದರಾಯಿತು ಎಂದುಕೊಂಡಿದ್ದೆ ಎಂದ.

"ನಮ್ಮವ್ವಗೂ ಯಾರೋ ಹಿಂಗ ಆಮ್ಯಾಲ ಅಂದಿರಬೇಕು ಸಂಜು. ಅಕಿ ಇನ್ನೂ ಕಾಯಾಕತ್ತಾಳ," ಎಂದು ಅವಳು ಫೋನು ಇಟ್ಟಳು. ಇಟ್ಟಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಅವನು ಕೆಟ್ಟವನಾಗಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ.

*

"ಯಾಕ ಬೇ ಯವ್ವಾ, ಕಾಕಾನ ಹೆಸರು ಯಾಕ ಇಟ್ಟಿ?"

ಇಷ್ಟು ವರ್ಷ ಕೇಳದಿದ್ದ ಮಾತನ್ನು ರೇಷ್ಮಾ ಅಂದು ಕೇಳಿದಳು. ಸಾತವ್ವ ಕದಿರು ನಿಲ್ಲಿಸಲಿಲ್ಲ. ನೂಲುತ್ತಲೇ ಹೇಳಿದಳು. ರೇಷ್ಮಾ ಕೂಸಿದ್ದಾಗ ಗಂಡ ತೀರಿಕೊಂಡ. ಮೈದುನ ಸಿದರಾಯ ಕೈಬಿಡಲಿಲ್ಲ, ತನ್ನ ಮನೆಯಲ್ಲೇ ಇಟ್ಟುಕೊಂಡ. ವೈನಿ ಕಟ್ಟಿದ ಪದ ಕೇಳಿ ಅವನೇ ಕುಣಿದಾಡಿದ, ಮೇಳ ಕಟ್ಟಿದ. ಆದರೆ ಗಂಡ ಸತ್ತವಳ ಹೆಸರು ಹೇಳಿ ಹಾಡಿದರೆ ಒಳ್ಳೆಯ ಕೆಲಸಕ್ಕೆ ಯಾರು ಕರೆಯುತ್ತಾರೆ? ಸ್ವಲ್ಪ ದಿನ ನನ್ನ ಹೆಸರಿರಲಿ, ಆಮೇಲೆ ನೋಡೋಣ ಎಂದ. ಅವನು ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಜನ ಹೊಗಳಿದರು, ಅವನಿಗೆ ರೂಢಿಯಾಯಿತು. ರೂಢಿಯಾದ ಮೇಲೆ ಖರೆ ಎಂದೇ ಅನ್ನಿಸಿತು.

"ಈಗ ನಿನ್ನ ಹೆಸರು ಇಡೂನು," ಎಂದಳು ರೇಷ್ಮಾ.

ಸಾತವ್ವ ನಕ್ಕಳು. "ನಾ ಹಾಡಿ ನೋಡಿಲ್ಲ ಅಂತ ತಿಳದಿಯೇನ? ಒಬ್ಬಾಕಿನ ಇದ್ದಾಗ ಭಾಳ ಸಲ ಹಾಡೇನಿ. ಕೂಡೂದಿಲ್ಲ. 'ಸಿದರಾಯ ಮಾಸ್ತರ' ಅಂದ್ರ ಸಾಲು ತುಂಬತೈತಿ. ನನಗ ಬರೇ 'ಸಾತವ್ವ'. ಮುಂದ ಮಾಸ್ತರಿಲ್ಲ, ಗೌಡಿಲ್ಲ, ಏನೂ ಇಲ್ಲ. ಎರಡು ಪೆಟ್ಟಿನ ಜಾಗಾ ಖಾಲಿ ಉಳೀತೈತಿ. ಸಭಾದಾಗ ತಾಳ ತಪ್ಪಿದ್ರ ಮಂದಿ ಉಗಳ್ತಾರ."

ತಾಯಿ ಒಬ್ಬಳೇ ಕೂತು, ಯಾರಿಗೂ ಕೇಳದಂತೆ ತನ್ನ ಹೆಸರನ್ನು ಹಾಡಿ ನೋಡಿದ್ದಾಳೆ! ಮುಂದಿನ ಹಾಡಿಕೆಯಲ್ಲಿ ಏನು ಮಾಡಬೇಕೆಂದು ರೇಷ್ಮಾ ಆಗಲೇ ನಿರ್ಧರಿಸಿದಳು. ಯಾರಿಗೂ ಹೇಳಲಿಲ್ಲ.

*

ಮುಂದಿನ ಹಾಡಿಕೆ ಗಲಗಲಿಯಲ್ಲೇ ಬಂತು. ಹೊಸ ಸಮುದಾಯ ಭವನದ ಉದ್ಘಾಟನೆ, ಎದುರಿಗೆ ಅದೇ ರೇವಪ್ಪನ ಮೇಳ. ಸಂಬಂಧ ಮುರಿದ ಎರಡು ಮನೆಗಳು ಎದುರುಬದುರು ಹಾಡುತ್ತವೆಂದರೆ ಜನ ಸುಮ್ಮನಿರುತ್ತಾರೆಯೇ? ಭವನ ಬೆಳಿಗ್ಗೆಯೇ ತುಂಬಿತು. ರೇಷ್ಮಾ ಹಟ ಹಿಡಿದು ತಾಯಿಯನ್ನೂ ಕರೆತಂದಿದ್ದಳು. ಸಾತವ್ವ ಹೆಂಗಸರ ನಡುವೆ, ಕಂಬದ ಮರೆಗೆ ಕೂತಳು. ಮಾದೇವಿ ಸರಿದು ಅವಳಿಗೆ ಜಾಗ ಕೊಟ್ಟಳು.

ಸಂಜು ಸೊರಗಿದ್ದ. ಡೊಳ್ಳು ಕಟ್ಟಿಕೊಂಡು ಎದುರಿಗೆ ನಿಂತಿದ್ದರೂ ಅವನು ರೇಷ್ಮಾಳತ್ತ ನೋಡಲಿಲ್ಲ. ಅವಳೂ ನೋಡಲಿಲ್ಲ. ನೋಡಲಿಲ್ಲ ಎಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತಾಗುತ್ತಿತ್ತು.

ಅವಳು ಎತ್ತಿದ್ದು ಹೊಸ ಪದ.

"ಕುರಿಯ ಕಾಯ್ದಾಕಿ ಯಾರೊ, ಉಣ್ಣೀಯ ನೂತಾಕಿ ಯಾರೊ, ಕಂಬಳಿ ಹೊತ್ತಾವ್ನ ಹೆಸರಷ್ಟ ಊರಾಗ..."

ಸಂಜು ತಲೆ ಎತ್ತಿದ. ಅವನಿಗೆ ಕಂಬದ ಮೇಲಿನ ಆ ಮಧ್ಯಾಹ್ನ ನೆನಪಾಗಿರಬೇಕು. ಹೆಂಗಸರ ಸಾಲಿನಲ್ಲಿ ಗುಸುಗುಸು ನಿಂತಿತು. ಹೊಲದಲ್ಲಿ ಕಬ್ಬಿನ ಕಳೆ ತೆಗೆದವಳು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವಳು, ಒಲೆಯ ಮುಂದೆ ಕೂತವಳು... ಒಂದೊಂದು ನುಡಿಯಲ್ಲೂ ಒಬ್ಬೊಬ್ಬಳು ಬಂದಳು. ತಮ್ಮ ಪಾಳಿ ಬಂದಾಗ ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು.

ಕಡೆಯ ನುಡಿ ಬಂತು. ಕಟ್ಟಳೆಯಂತೆ ಸಾವಳಗಿ ಮೇಳದ ಡೊಳ್ಳು ನಿಂತವು. ಸಿದರಾಯ ಮಾಸ್ತರ ಎಂದಿನಂತೆ ರುಮಾಲು ಸರಿಮಾಡಿಕೊಂಡ.

"ಸಾವಳಗಿ ಊರ ಸಾತವ್ವ..."

ಸಾಲು ಅಲ್ಲಿ ಬರಿದಾಯಿತು. ಮುಂದೆ ಎರಡು ಪೆಟ್ಟಿನ ಜಾಗ. ಆ ಜಾಗ ಎಷ್ಟು ಸಣ್ಣದೆಂದರೆ, ಒಂದು ಸಲ ಉಸಿರೆಳೆದರೆ ಮುಗಿಯುತ್ತದೆ. ಆದರೆ ಅಷ್ಟರಲ್ಲೇ ರೇಷ್ಮಾಳಿಗೆ ಎಲ್ಲವೂ ಕಂಡಿತು. ಕಾಕಾನ ಕೈ ರುಮಾಲಿನ ಮೇಲೇ ನಿಂತದ್ದು, ತನ್ನ ಮೇಳದವರು ನೆಲ ನೋಡಿದ್ದು, ರೇವಪ್ಪ ಮಗನಿಗೆ 'ಬೇಡ' ಎಂದು ಕೈಸನ್ನೆ ಮಾಡಿದ್ದು. ಎದುರಿನವರು ಹೆಸರು ಎತ್ತದಿದ್ದರೆ ಪದ ಸತ್ತಂತೆ. ತಾಯಿಯ ಹೆಸರಿನಲ್ಲಿ ಹಾಡಿದ ಮೊದಲ ಪದ ಇಲ್ಲಿಯೇ ಸಾಯುತ್ತದೆಯೇ?

ಧಿಮ್, ಧಿಮ್.

ಎರಡು ಪೆಟ್ಟು. ಖಾಲಿ ಬಿದ್ದ ಜಾಗದಲ್ಲಿ ಸರಿಯಾಗಿ ಕೂತವು. ತಾಳ ತಪ್ಪಲಿಲ್ಲ, ಸಾಲು ತುಂಬಿತು.

"...ಮಾಡಿದ ಪದವಿದು ಕೇಳರಿ," ಎಂದು ರೇಷ್ಮಾ ಮುಗಿಸಿದಳು.

ಎದುರಿಗೆ ಸಂಜು ಒಬ್ಬನೇ ಒಂದು ಹೆಜ್ಜೆ ಮುಂದೆ ಬಂದಿದ್ದ. ಅಪ್ಪನ ಕಡೆ ಒಮ್ಮೆ ನೋಡಿದ, ಕಣ್ಣು ತಗ್ಗಿಸಲಿಲ್ಲ. ಆಮೇಲೆ ಸಭೆಗೆಲ್ಲ ಕೇಳುವಂತೆ ಹೆಸರು ಎತ್ತಿದ: "ಸಾವಳಗಿ ಊರ ಸಾತವ್ವ!" ಮತ್ತೆ ಎರಡು ಪೆಟ್ಟು. ಅವನ ಹಿಂದೆ ಒಬ್ಬ ತಾಳದವನು ಸೇರಿಕೊಂಡ. ಉಳಿದವರು ಸೇರಲಿಲ್ಲ. ಆದರೆ ಹೆಸರು ಎತ್ತಲು ಎಷ್ಟು ಜನ ಬೇಕೆಂದು ಕಟ್ಟಳೆಯಲ್ಲಿ ಇರಲಿಲ್ಲ.

ಹೆಂಗಸರ ನಡುವೆ ಕೂತಿದ್ದ ಸಾತವ್ವ ಹಿಂದಕ್ಕೆ ತಿರುಗಿ ನೋಡಿದಳು. ಆ ಹೆಸರಿನವರು ಬೇರೆ ಯಾರೋ ಇರಬೇಕು ಎಂಬಂತೆ. ಮಾದೇವಿ ಅವಳ ಕೈ ಹಿಡಿದು, "ಅದು ನೀವ ಅಲ್ಲೇನ್ರಿ ಅವ್ವಾರ," ಎಂದಳು. ಆಗ ಸಾತವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

*

ಜಗತ್ತೇನೂ ಅಂದೇ ಬದಲಾಗಲಿಲ್ಲ. ಸಿದರಾಯ ಮಾಸ್ತರ ಊಟ ಮಾಡದೆ ಮೊದಲ ಬಸ್ಸಿಗೆ ಊರಿಗೆ ಹೋದ. ರೇವಪ್ಪ ಮಗನ ಜೊತೆ ಮಾತು ಬಿಟ್ಟ. ಭವನದ ಹೊರಗೆ ಗಂಡಸರು ಎರಡು ಗುಂಪಾಗಿ ನಿಂತು ವಾದ ಮಾಡಿದರು. ಒಂದು ಹೆಸರಿಗೆ ಇಷ್ಟು ರಾದ್ಧಾಂತ ಯಾಕೆಂದು ಎರಡೂ ಗುಂಪಿನವರು ಕೇಳಿದರು.

ಸಂಜೆ ಬಿಸಿಲು ಇಳಿದಾಗ ರೇಷ್ಮಾ ಕೃಷ್ಣೆಯ ದಂಡೆಗೆ ಬಂದಳು. ಸಂಜು ಮೆಟ್ಟಿಲ ಮೇಲೆ ಕೂತಿದ್ದ, ಪಕ್ಕದಲ್ಲಿ ಡೊಳ್ಳು ಇತ್ತು. ಅವಳು ಡೊಳ್ಳಿನ ಈಚೆ ಕೂತಳು.

"ಅಪ್ಪಗ ಹೇಳೇನಿ," ಎಂದ ಸಂಜು. "ಅಕಿ ಅಕಿ ಪದಾ ಹಾಡ್ತಾಳ, ನಾ ನಂದು ಹಾಡ್ತೇನಿ. ಎದುರಾಬದುರ. ಒಪ್ಪಿದ್ರ ಮದವಿಗಿ ಬಾ, ಇಲ್ಲಂದ್ರ ಆಶೀರ್ವಾದ ಕಳಸು ಅಂದೇನಿ. ಕಪ್ಪಿನ್ಯಾಗ ನೋಡ್ಕೋತ ಹೇಳಿಲ್ಲ. ಮಾರಿ ನೋಡಿ ಹೇಳೇನಿ."

"ಏನಂದ್ರು?"

"ಡೊಳ್ಳು ಒಗದ್ರು. ಅವ್ವ ಎತ್ತಿ ಕೊಟ್ಲು."

ರೇಷ್ಮಾ ನಗಬಾರದೆಂದು ಹೊಳೆಯ ಕಡೆ ನೋಡಿದಳು. ಅವತ್ತಿನ ಅಳು, ಸಿಟ್ಟು, ಒಬ್ಬಂಟಿತನ ಯಾವುದೂ ಇನ್ನೂ ಮಾಸಿರಲಿಲ್ಲ. ಆದರೂ ಅವಳಿಗೆ ಅವನು ಬೇಕಾಗಿತ್ತು.

"ಅವತ್ತ ನೀ ಸುಮ್ಮನ ಕುಂತಿದ್ದು ನಾ ಲಗೂನ ಮರಿಯಾಕಿಲ್ಲ," ಎಂದಳು.

"ಮರೀಬ್ಯಾಡ. ಹಾಡಿನ್ಯಾಗ ಹಾಕು. ಎದುರಿಗಿ ನಿಂತು ಕೇಳ್ತೇನಿ."

ಮೇಲಿನ ಮೆಟ್ಟಿಲಲ್ಲಿ ಸಾತವ್ವ, ಮಾದೇವಿ ಕೂತು ಮಾತಾಡುತ್ತಿದ್ದರು. ರೇಷ್ಮಾ ಅತ್ತ ಕಣ್ಣು ತೋರಿಸಿದಳು. "ನಮ್ಮವ್ವ ಅಳೂದು ಮುಗದ ಮ್ಯಾಲ ಮೊದಲ ಏನಂದ್ಲು ಗೊತ್ತೇನ? ಆ ಎರಡು ಪೆಟ್ಟಿನ ಜಾಗಾ ಖಾಲಿ ಬಿಡೂದು ಚಂದಲ್ಲ, ಅಲ್ಲಿಗಿ ನನಗ ಕೂಡೂವಂಥದ್ದು ಏನರೆ ಹುಡುಕ್ತೇನಿ ಅಂದ್ಲು. ಈಗಿಂದ ಹುಡುಕಾಕತ್ತಾಳ."

"ಹುಡುಕಲಿ. ಸಿಗೂತನಕ ನಾ ಬಾರಸ್ತೇನಿ."

"ಸಿಕ್ಕ ಮ್ಯಾಲ?"

ಸಂಜು ಇಬ್ಬರ ನಡುವೆ ಇದ್ದ ಡೊಳ್ಳನ್ನು ಎತ್ತಿ ಆಚೆ ಬದಿಗೆ ಇಟ್ಟ.

"ಸಿಕ್ಕ ಮ್ಯಾಲ ಕೈ ಕಟಗೊಂಡು ಕೇಳ್ತೇನಿ."

ರೇಷ್ಮಾ ತುಸು ಸರಿದು ಅವನ ಪಕ್ಕಕ್ಕೆ ಕೂತಳು.